ಓರೆ ಹಾಲ್, ನೇರ ಬೆಳಕು: ನ್ಯೂಯಾರ್ಕಿನ ರಾಕ್ಸಿ

ನ್ಯೂಯಾರ್ಕಿನ 50ನೇ ಬೀದಿ ಏಳನೇ ಅವೆನ್ಯೂವನ್ನು ಕೂಡುವಲ್ಲಿ 1927ರಿಂದ 1960ರವರೆಗೆ ರಾಕ್ಸಿ ಎಂಬ ಚಿತ್ರಮಂದಿರವಿತ್ತು. ಒಂದೇ ಹಾಲ್, ಒಂದೇ ಪರದೆ, 5,920 ಸೀಟು. ಕಟ್ಟಲು ತಗುಲಿದ್ದು ಸುಮಾರು 1 ಕೋಟಿ 20 ಲಕ್ಷ ಡಾಲರ್. ನಿಂತದ್ದು ಬರೀ 33 ವರ್ಷ. ರಾಕ್ಸಿಯ ಮಾತು ಬಂದಾಗಲೆಲ್ಲ ಅದರ ಕಂಬ, ಕಮಾನು, ರತ್ನಗಂಬಳಿಗಳ ವರ್ಣನೆಯೇ ಮುಂದೆ ಬರುತ್ತದೆ. ಆ ವೈಭವ ಸುಳ್ಳಲ್ಲ. ಆದರೆ ಈ ಮಂದಿರ ಯಾಕೆ ಅಷ್ಟು ಮೆರೆಯಿತು, ಯಾಕೆ ಅಷ್ಟು ಬೇಗ ನೆಲ ಕಚ್ಚಿತು ಎಂದು ತಿಳಿಯಬೇಕಾದರೆ ಅಲಂಕಾರವನ್ನು ಪಕ್ಕಕ್ಕಿಟ್ಟು ನಕ್ಷೆ ನೋಡಬೇಕು. ನಕ್ಷೆಯಲ್ಲಿ ಮೂಲೆಯಿಂದ ಮೂಲೆಗೆ ಎಳೆದ ಒಂದು ಓರೆ ಗೆರೆಯಿದೆ. ರಾಕ್ಸಿಯ ಬಹುಪಾಲು ಹೆಚ್ಚುಗಾರಿಕೆ, ಬಹುಪಾಲು ಕೊರತೆ ಎರಡೂ ಆ ಗೆರೆಯಿಂದಲೇ ಹುಟ್ಟಿದವು.

1925ರ ಸುಮಾರಿಗೆ ಹರ್ಬರ್ಟ್ ಲೂಬಿನ್ ಎಂಬ ಚಿತ್ರ ನಿರ್ಮಾಪಕ ಜಗತ್ತಿನಲ್ಲೇ ದೊಡ್ಡ ಚಿತ್ರಮಂದಿರ ಕಟ್ಟಬೇಕೆಂದು ಹೊರಟ. ಅದನ್ನು ನಡೆಸಲು ಅವನು ಆರಿಸಿಕೊಂಡದ್ದು ಸ್ಯಾಮ್ಯುಯೆಲ್ ರೋಥಫೆಲ್‌ನನ್ನು. ಎಲ್ಲರ ಬಾಯಲ್ಲಿ ಅವನು 'ರಾಕ್ಸಿ'. ಸ್ಟ್ರ್ಯಾಂಡ್, ರಿಯಾಲ್ಟೊ, ರಿವೋಲಿ, ಕ್ಯಾಪಿಟಲ್ ಎಂಬ ನ್ಯೂಯಾರ್ಕಿನ ಮಂದಿರಗಳನ್ನು ಒಂದೊಂದಾಗಿ ನಡೆಸಿ, ಸಿನಿಮಾ ಜೊತೆಗೆ ವಾದ್ಯವೃಂದ, ಬ್ಯಾಲೆ, ಗಾಯನಗಳನ್ನು ಬೆಸೆದು ಒಂದೇ ಟಿಕೆಟ್ಟಿಗೆ ಕೊಡುವ ಪದ್ಧತಿಯನ್ನು ಗಟ್ಟಿ ಮಾಡಿದವನು ಈತ. ದೊಡ್ಡ ಸಂಬಳ, ಲಾಭದಲ್ಲಿ ಪಾಲು, ಷೇರು, ಮೇಲಾಗಿ ಮಂದಿರಕ್ಕೆ ಅವನದೇ ಹೆಸರು ಎಂಬ ಷರತ್ತುಗಳ ಮೇಲೆ ಬಂದ. ನಕ್ಷೆ ಬರೆದದ್ದು ಶಿಕಾಗೋದ ವಾಸ್ತುಶಿಲ್ಪಿ ವಾಲ್ಟರ್ ಆಲ್‌ಶ್ಲಾಗರ್. ಒಳಾಲಂಕಾರ ಹ್ಯಾರಲ್ಡ್ ರ‍್ಯಾಂಬುಷ್‌ನದು.

ನಿವೇಶನ ಸಲೀಸಾದದ್ದಾಗಿರಲಿಲ್ಲ. ಮ್ಯಾನ್‌ಹಟನ್‌ನಲ್ಲಿ ಎರಡು ಬೀದಿಗಳ ನಡುವಿನ ಬ್ಲಾಕು ಸುಮಾರು 200 ಅಡಿ ಅಗಲ. ಹೊರಗೋಡೆ, ತುರ್ತು ಮೆಟ್ಟಿಲು, ಓಡಾಟದ ಓಣಿ ಇವನ್ನೆಲ್ಲ ಕಳೆದರೆ ಕೈಗೆ ಸಿಗುವುದು ಇನ್ನೂ ಕಡಿಮೆ. ಅವೆನ್ಯೂ ಕಡೆಯ ಮುಖವನ್ನು ಜೊತೆಯಲ್ಲೇ ಮೇಲೇಳುತ್ತಿದ್ದ ಮ್ಯಾಂಜರ್ ಹೋಟೆಲ್ ಹಿಡಿದುಕೊಂಡಿತ್ತು. ಇಂಥ ಜಾಗದಲ್ಲಿ ಹಾಲನ್ನು ಗೋಡೆಗೆ ಸಮಾನಾಂತರವಾಗಿ ಕೂರಿಸಿದರೆ ಒಂದು ಇಡೀ ಬದಿಯನ್ನು ವೇದಿಕೆ ನುಂಗುತ್ತದೆ. ಆಲ್‌ಶ್ಲಾಗರ್ ಹಾಲನ್ನು ಓರೆಯಾಗಿ ತಿರುಗಿಸಿದ. ವೇದಿಕೆ ನಿವೇಶನದ ಒಂದು ಮೂಲೆಗೆ. ಅಲ್ಲಿಂದ ಸೀಟುಗಳು ಬೀಸಣಿಗೆಯ ಹಾಗೆ ಎದುರು ಮೂಲೆಯತ್ತ ಹರಡಿಕೊಂಡವು. ಇದರ ಲೆಕ್ಕ ಸರಳ. 200 ಅಡಿಗೆ 250 ಅಡಿಯ ಒಂದು ಆಯತವಿದೆ ಎನ್ನಿ. ಅದರ ಉದ್ದನೆಯ ಬದಿ 250 ಅಡಿಯಾದರೆ ಮೂಲೆಯಿಂದ ಮೂಲೆಗೆ 320 ಅಡಿ. ಬೀಸಣಿಗೆಯ ಕಿರಿದಾದ ತುದಿಯಲ್ಲಿ ವೇದಿಕೆ, ಅಗಲವಾದ ಕಡೆ ಜನ. ಒಂದಡಿ ಜಾಗವೂ ಸುಮ್ಮನೆ ಬಿದ್ದಿರುವುದಿಲ್ಲ. ಸೀಟಿನ ಸಂಖ್ಯೆಯೇ ಗುರಿಯಾಗಿದ್ದರೆ ಇದಕ್ಕಿಂತ ಜಾಣ ನಕ್ಷೆ ಇಲ್ಲ.

ಪೆಟ್ಟು ತಿಂದದ್ದು ವೇದಿಕೆ. ಮೂಲೆಗೆ ಸಿಕ್ಕಿಸಿದ ವೇದಿಕೆ ಹಿಂದೆ ಹೋದಂತೆ ಕಿರಿದಾಗುತ್ತದೆ. ರಂಗಸಜ್ಜಿಕೆಯ ಕೆಲಸ ಮಾಡುವವರು ಮೊದಲು ಅಳೆಯುವುದು ಕಾಣುವ ರಂಗವನ್ನಲ್ಲ, ಕಾಣದ ಬದಿಗಳನ್ನು. ಎದುರಿನ ಚೌಕಟ್ಟು 60 ಅಡಿ ಅಗಲವಿದ್ದರೆ ಎಡಕ್ಕೂ ಬಲಕ್ಕೂ ಕನಿಷ್ಠ 30 ಅಡಿ ಸೈಡ್‌ವಿಂಗ್ ಬೇಕು. ಆಗ ಮಾತ್ರ ಒಂದು ದೃಶ್ಯದ ಸೆಟ್ಟನ್ನು ಗಾಲಿಗಳ ಮೇಲೆ ಸರಿಸಿ ಇನ್ನೊಂದನ್ನು ತರಬಹುದು. ಸೆಟ್ಟನ್ನು ಮೇಲಕ್ಕೆ ಎಳೆದುಕೊಳ್ಳಬೇಕಾದರೆ ಚೌಕಟ್ಟಿನ ಎತ್ತರದ ಎರಡೂವರೆ ಪಟ್ಟು ಎತ್ತರದ ಗೋಪುರ ಬೇಕು. ರಾಕ್ಸಿಯ ವೇದಿಕೆ ಬಹಳ ಅಗಲ, ಆದರೆ ಆಳ ಕಡಿಮೆ. ಬದಿಗಳಲ್ಲಿ ಜಾಗವೂ ಇಕ್ಕಟ್ಟು. ದಿನಕ್ಕೆ ಹಲವು ಆಟ, ಪ್ರತಿ ಆಟದಲ್ಲೂ ವೇದಿಕೆ ಕಾರ್ಯಕ್ರಮ ಇರುವ ಮಂದಿರಕ್ಕೆ ಇದು ದಿನನಿತ್ಯದ ತಲೆನೋವು. ಸೆಟ್ಟು ದೊಡ್ಡದಾಗಿರುವಂತಿಲ್ಲ, ದಪ್ಪವಾಗಿರುವಂತಿಲ್ಲ. ವೇದಿಕೆಯನ್ನು ತುಂಬಬೇಕಾದವರು ಮನುಷ್ಯರೇ. ರಸೆಲ್ ಮಾರ್ಕರ್ಟ್ ತಯಾರು ಮಾಡಿದ ರಾಕ್ಸಿಯೆಟ್ಸ್ ನರ್ತಕಿಯರ ಒಂದೇ ಸಾಲಿನ, ಒಂದೇ ಹೆಜ್ಜೆಯ ಕುಣಿತ ಇಲ್ಲಿ ಅಷ್ಟು ಚೆನ್ನಾಗಿ ಒಗ್ಗಿದ್ದಕ್ಕೆ ಈ ಅಗಲದ, ಆಳವಿಲ್ಲದ ವೇದಿಕೆಯೂ ಒಂದು ಕಾರಣ ಎಂದು ನನ್ನ ಅನಿಸಿಕೆ. ಅಡ್ಡಡ್ಡ ಹಬ್ಬುವ ಸಾಲಿಗೆ ಆಳ ಬೇಕಿಲ್ಲ.

ವೇದಿಕೆಯ ಹಿಂದೆ ಕಡಿಮೆಯಾದದ್ದನ್ನು ಬೇರೆ ಕಡೆ ಧಾರಾಳವಾಗಿ ಕೊಟ್ಟಿದ್ದರು. ಕಲಾವಿದರ ಬಣ್ಣದ ಕೋಣೆಗಳಿಗೆ ಎರಡು ಮಹಡಿ, ಮೇಳದವರಿಗೆ ಮೂರು. ತಾಲೀಮಿನ ಕೋಣೆಗಳು, ಉಡುಪು ವಿಭಾಗ, ಲಾಂಡ್ರಿ, ಕ್ಷೌರದಂಗಡಿ, ಸಣ್ಣ ಆಸ್ಪತ್ರೆ, ಆಟದಲ್ಲಿ ಬರುವ ಪ್ರಾಣಿಗಳನ್ನು ಇಡುವ ಕೊಟ್ಟಿಗೆ, 100 ಸೀಟಿನ ಖಾಸಗಿ ಪ್ರದರ್ಶನ ಕೋಣೆ, ನೌಕರರಿಗೆ ಗ್ರಂಥಾಲಯ ಮತ್ತು ವ್ಯಾಯಾಮಶಾಲೆ. 110 ಜನರ ವಾದ್ಯವೃಂದ ಕೂತ ಗುಂಡಿ ಇಡಿಯಾಗಿ ಮೇಲೇಳುತ್ತಿತ್ತು. ಕಿಂಬಾಲ್ ಕಂಪನಿಯ ಪೈಪ್ ಆರ್ಗನ್ನಿಗೆ ಮೂರು ಕನ್ಸೋಲು, ಅಂದರೆ ನುಡಿಸುವವರು ಕೂರುವ ಕೀಲಿಮಣೆಯ ಮೇಜು. ಮೂವರು ಒಟ್ಟಿಗೆ ಕೂತು ಒಂದೇ ಆರ್ಗನ್ ನುಡಿಸಬಹುದಿತ್ತು.

ಪ್ರವೇಶದ್ವಾರದ ಕಥೆಯೂ ನಕ್ಷೆಯದ್ದೇ. ಅವೆನ್ಯೂ ಮುಖ ಹೋಟೆಲಿನದಾದ್ದರಿಂದ ಜನ ಮೂಲೆಯಲ್ಲಿ ಒಳಹೊಕ್ಕು, ಹೋಟೆಲಿನ ಕೆಳಗೆ ಹಾಯುವ ಉದ್ದನೆಯ ಪಡಸಾಲೆಯಲ್ಲಿ ನಡೆದು, ಕಂಬಗಳ ಸಾಲಿನ ಎತ್ತರದ ವರ್ತುಲ ಸಭಾಂಗಣಕ್ಕೆ ಬರಬೇಕಿತ್ತು. ನೆಲಕ್ಕೆ ಹಾಸಿದ್ದು ಜಗತ್ತಿನ ಅತಿ ದೊಡ್ಡ ಅಂಡಾಕಾರದ ಕಂಬಳಿ ಎಂದು ಪ್ರಚಾರವಾದ ಮೊಹಾಕ್ ಕಂಪನಿಯ ಕಂಬಳಿ; ಮೇಲಿನ ಮೊಗಸಾಲೆಯಲ್ಲಿ ಆ ಸಭಾಂಗಣಕ್ಕೇ ಮೀಸಲಾದ ಇನ್ನೊಂದು ಆರ್ಗನ್. ಇದು ಬರೀ ಶೋಕಿಯಲ್ಲ. ಆರು ಸಾವಿರದಷ್ಟು ಜನ ಹೊರಬರುವಾಗ ಒಳಹೋಗಲು ಅಷ್ಟೇ ಜನ ಕಾಯುತ್ತಿರುತ್ತಾರೆ. ಅವರನ್ನು ಚಳಿಯ ಬೀದಿಯಲ್ಲಿ ನಿಲ್ಲಿಸಿದರೆ ಅರ್ಧ ಜನ ಪಕ್ಕದ ಮಂದಿರಕ್ಕೆ ಹೋಗುತ್ತಾರೆ. ಒಳಗೆ ಕರೆದು, ಕಾಯುವುದನ್ನೂ ಕಾರ್ಯಕ್ರಮದ ಭಾಗ ಮಾಡಿದರೆ ಟಿಕೆಟ್ಟು ಕೈತಪ್ಪುವುದಿಲ್ಲ. ಈ ಜನಪ್ರವಾಹವನ್ನು ಸಂಭಾಳಿಸುತ್ತಿದ್ದದ್ದು ಜನರಿಗೆ ಸೀಟು ತೋರಿಸುವ ಸಮವಸ್ತ್ರದ ಅಷರ್‌ಗಳ ದಂಡು. ನಿವೃತ್ತ ಮರೀನ್ ಅಧಿಕಾರಿಯೊಬ್ಬರ ಕೈಕೆಳಗೆ ಅವರಿಗೆ ದಿನವೂ ಕವಾಯತು, ಉಡುಪಿನ ತಪಾಸಣೆ.

ಇನ್ನು ಕ್ಯಾಬಿನ್, ಅಂದರೆ ಪ್ರೊಜೆಕ್ಟರ್ ಇರುವ ಕೋಣೆ. ನನ್ನ ಮಟ್ಟಿಗೆ ರಾಕ್ಸಿಯ ಅತ್ಯುತ್ತಮ ತೀರ್ಮಾನ ಇದೇ. ಆ ಕಾಲದ ದೊಡ್ಡ ಮಂದಿರಗಳಲ್ಲಿ ಪ್ರೊಜೆಕ್ಟರ್ ಇರುತ್ತಿದ್ದದ್ದು ಬಾಲ್ಕನಿಯ ಹಿಂದೆ, ಮಾಡಿನ ಹತ್ತಿರ. ಅಲ್ಲಿಂದ ಬೆಳಕು ಕಡಿದಾಗಿ ಕೆಳಗಿಳಿದು ಪರದೆಗೆ ಬಡಿಯುತ್ತದೆ. ಇಳಿಜಾರು 20 ಡಿಗ್ರಿ, ಪರದೆಯ ದೂರ 150 ಅಡಿ, ಚಿತ್ರದ ಎತ್ತರ 20 ಅಡಿ ಎಂದಿಟ್ಟುಕೊಳ್ಳಿ. ಚಿತ್ರ ಉದ್ದಕ್ಕೆ ಶೇ 6ರಷ್ಟು ಎಳೆದುಕೊಳ್ಳುತ್ತದೆ. ದುಂಡು ಮುಖ ಕೋಲುಮುಖವಾಗುತ್ತದೆ. ಪರದೆಯ ಕೆಳ ಅಂಚು ಪ್ರೊಜೆಕ್ಟರಿಗೆ ಮೇಲಂಚಿಗಿಂತ ಸುಮಾರು ಏಳು ಅಡಿ ದೂರ ಬೀಳುವುದರಿಂದ ಚಿತ್ರ ಬುಡದಲ್ಲಿ ಶೇ 4ರಿಂದ 5ರಷ್ಟು ಅಗಲವಾಗುತ್ತದೆ. ನಿಂತ ಕಂಬಗಳು ಕಾಲಗಲಿಸಿದಂತೆ ಕಾಣುತ್ತವೆ. ಅದೇ ಏಳು ಅಡಿಯ ಕಾರಣಕ್ಕೆ ಮೇಲೂ ಕೆಳಗೂ ಒಟ್ಟಿಗೆ ಫೋಕಸ್ ಕೂರುವುದಿಲ್ಲ. ಆಪರೇಟರ್ ನಡುವಿಗೆ ಫೋಕಸ್ ಹಿಡಿದು ಎರಡು ತುದಿಗಳನ್ನೂ ತುಸು ಮಸುಕಾಗಲು ಬಿಡಬೇಕು.

ಇದಕ್ಕೆ ಕ್ಯಾಬಿನ್ನಿನಲ್ಲಿ ಮಾಡುವ ಮದ್ದು ಎಂದರೆ ಅರ ಹಿಡಿದು ಅಪರ್ಚರ್ ಪ್ಲೇಟನ್ನು ಉಜ್ಜುವುದು. ಫಿಲ್ಮಿನ ಚೌಕಟ್ಟನ್ನು ನಿರ್ಧರಿಸುವ, ಪ್ರೊಜೆಕ್ಟರಿನ ಗೇಟಿನಲ್ಲಿ (ಫಿಲ್ಮಿನ ಮೂಲಕ ಬೆಳಕು ಹಾಯುವ ಕಡೆ) ಕೂರುವ ತಗಡು ಅದು. ಬೇಕಾದ್ದಕ್ಕಿಂತ ಸಣ್ಣ ತೂತಿನ ಪ್ಲೇಟನ್ನು ಹಾಕಿ, ಫಿಲ್ಮಿಲ್ಲದೆ ಬರೀ ಬೆಳಕು ಬಿಟ್ಟು, ಪರದೆಯ ಕಪ್ಪು ಅಂಚಿಗೆ ಎಲ್ಲಿ ಎಷ್ಟು ಕಮ್ಮಿ ಬೀಳುತ್ತದೆ ಎಂದು ಗುರುತು ಮಾಡಿಕೊಳ್ಳಬೇಕು. ನಾಲ್ಕೈದು ಸಲ ಅರ ಎಳೆದು ಮತ್ತೆ ನೋಡಬೇಕು; ಮತ್ತೆ ಎಳೆಯಬೇಕು. ಫಿಲ್ಮು ಗೇಟಿನಲ್ಲಿ ತಲೆಕೆಳಗಾಗಿ ಇಳಿಯುವುದರಿಂದ ಪರದೆಯ ಮೇಲಂಚು ಪ್ಲೇಟಿನಲ್ಲಿ ಕೆಳಗಂಚು. ಹೆಚ್ಚು ಉಜ್ಜಬೇಕಾದ್ದು ಕೆಳಗೆ. ಹೊಸಬರು ಎಡವುವುದು ಇಲ್ಲಿಯೇ: ಮೇಲೆ ಉಜ್ಜಿ ಓರೆಯನ್ನು ಎರಡು ಪಟ್ಟು ಮಾಡಿಬಿಡುತ್ತಾರೆ. ಒಮ್ಮೆ ಹೋದ ಲೋಹ ಮರಳಿ ಬಾರದು, ಪ್ಲೇಟು ಎಸೆಯಬೇಕು. ಉಜ್ಜಿದ ಅಂಚಿನಲ್ಲಿ ಸಣ್ಣ ಮುಳ್ಳು ಉಳಿದರೆ ಅದು ಇಡೀ ರೀಲಿಗೆ ಗೀರು ಎಳೆಯುತ್ತದೆ. ಆದ್ದರಿಂದ ಕೊನೆಗೆ ನಯವಾದ ಕಾಗದದಿಂದ ತಿಕ್ಕಿ ಬೆರಳಲ್ಲಿ ಸವರಿ ನೋಡಬೇಕು. ಇಷ್ಟೆಲ್ಲ ಮಾಡಿದರೂ ನೇರವಾಗುವುದು ಚಿತ್ರದ ಅಂಚು ಮಾತ್ರ. ಒಳಗಿನ ಕಂಬ, ಬಾಗಿಲು, ಮುಖಗಳ ಓರೆ ಹಾಗೆಯೇ ಉಳಿಯುತ್ತದೆ. ಜೊತೆಗೆ ಚಿತ್ರದ ಕೆಳಗಿನ ಎರಡು ಮೂಲೆಗಳು ಕತ್ತರಿಸಿ ಹೋಗುತ್ತವೆ.

ರಾಕ್ಸಿಯಲ್ಲಿ ಕ್ಯಾಬಿನ್ನನ್ನು ಬಾಲ್ಕನಿಯ ಮುಂಭಾಗದ ಒಳಗೇ ಹುದುಗಿಸಿದರು. ಬೆಳಕು ಹೆಚ್ಚುಕಡಿಮೆ ಪರದೆಯ ಮಟ್ಟದಲ್ಲೇ ನೇರವಾಗಿ ಹೊರಟಿತು. ಅಂದಿನ ಮಂದಿರಗಳಲ್ಲಿ ಅಷ್ಟು ಸ್ಪಷ್ಟವಾದ ಚಿತ್ರ ಬೇರೆಲ್ಲೂ ಇರಲಿಲ್ಲ ಎಂಬ ಹೆಸರು ಬಂತು. ದೂರ ಕಡಿಮೆಯಾದ್ದರಿಂದ ಹಾಲಿನ ಧೂಳು, ಸಿಗರೇಟಿನ ಹೊಗೆಯಲ್ಲಿ ಚೆದುರುವ ಬೆಳಕೂ ಕಡಿಮೆ. ಇಂಥ ಕ್ಯಾಬಿನ್ನಿಗೆ ತೆರಬೇಕಾದ ಬೆಲೆ ಸಣ್ಣದಲ್ಲ. ಬಾಲ್ಕನಿಯ ಅತ್ಯುತ್ತಮ ಸೀಟುಗಳ ಜಾಗ ಹೋಗುತ್ತದೆ. ಭಾರದ ಯಂತ್ರಗಳು ಬಾಲ್ಕನಿಯ ಚಾಚಿದ ತುದಿಯಲ್ಲಿ ಕೂರುವುದರಿಂದ ತೊಲೆಗಳು ಗಟ್ಟಿಯಿರಬೇಕು. ತುದಿ ಸ್ವಲ್ಪ ಅದುರಿದರೂ ಪರದೆಯ ಮೇಲೆ ಚಿತ್ರ ಕುಣಿಯುತ್ತದೆ. ಪ್ರೊಜೆಕ್ಟರಿನ ದೀಪದಲ್ಲಿ ಉರಿಯುವ ಕಾರ್ಬನ್ ಕಡ್ಡಿಗಳ ಹೊಗೆಯನ್ನು ಜನರ ನಡುವಿನಿಂದ ಮೇಲೆ ಕೊಂಡೊಯ್ಯಲು ಪ್ರತ್ಯೇಕ ಕೊಳವೆ ಬೇಕು. ಎಲ್ಲಕ್ಕಿಂತ ಮುಖ್ಯ, ಬೆಂಕಿ. ಆಗಿನ ಫಿಲ್ಮು ನೈಟ್ರೇಟ್. ಉರಿಯಲು ಬೇಕಾದ ಆಮ್ಲಜನಕ ಅದರೊಳಗೇ ಇರುವುದರಿಂದ ನೀರಲ್ಲಿ ಮುಳುಗಿಸಿದರೂ ಆರುವುದಿಲ್ಲ. ಹಾಗಾಗಿ ಆಗಿನ ಕ್ಯಾಬಿನ್ನಿನ ಪ್ರತಿ ಕಿಂಡಿಗೂ ಮೇಲೊಂದು ಕಬ್ಬಿಣದ ಹಲಗೆ, ಅದನ್ನು ಹಿಡಿದ ತಂತಿಯಲ್ಲಿ ಬೇಗ ಕರಗುವ ಲೋಹದ ಕೊಂಡಿ ಇರಬೇಕಿತ್ತು. ಶಾಖ ಏರಿದರೆ ಕೊಂಡಿ ಕರಗುತ್ತದೆ, ಹಲಗೆ ತನ್ನ ಭಾರಕ್ಕೇ ಬಿದ್ದು ಕಿಂಡಿ ಮುಚ್ಚುತ್ತದೆ. ಹಿಂಬದಿಯ ಕ್ಯಾಬಿನ್ನಿಗೇ ಇಷ್ಟು ಕಟ್ಟುನಿಟ್ಟಾದರೆ ಸಾವಿರಾರು ಜನರ ನಡುವೆ ಇರುವ ಕ್ಯಾಬಿನ್ನಿಗೆ ಎಷ್ಟು ಎಚ್ಚರ ಬೇಕು!

1927ರ ಮಾರ್ಚ್ 11ರಂದು ಗ್ಲೋರಿಯಾ ಸ್ವಾನ್ಸನ್ ನಿರ್ಮಿಸಿ ನಟಿಸಿದ ಮೂಕಿ ಚಿತ್ರದೊಂದಿಗೆ ಬಾಗಿಲು ತೆರೆಯಿತು. ಅಷ್ಟರಲ್ಲಿ ಲೂಬಿನ್ ಅಂದಾಜಿಗಿಂತ 25 ಲಕ್ಷ ಡಾಲರ್ ಹೆಚ್ಚು ಸುರಿದು ದಿವಾಳಿಯ ಅಂಚಿಗೆ ಬಂದಿದ್ದ; ಉದ್ಘಾಟನೆಗೆ ಸುಮಾರು ವಾರ ಮೊದಲು ತನ್ನ ಹಿಡಿತವನ್ನು ಚಿತ್ರೋದ್ಯಮಿ ವಿಲಿಯಂ ಫಾಕ್ಸ್‌ಗೆ 50 ಲಕ್ಷ ಡಾಲರಿಗೆ ಮಾರಿದ. ರಾಕ್ಸಿ ಹೆಸರಿನ ಆರು ಮಂದಿರಗಳನ್ನು ಕಟ್ಟುವ ಯೋಜನೆಯೂ ಇತ್ತು; ಅದು ಅಲ್ಲಿಗೆ ನಿಂತಿತು.

ಫಾಕ್ಸ್ ಜೊತೆಗೆ ಬಂದದ್ದು ಶಬ್ದ. ಮೂಕಿ ಚಿತ್ರಕ್ಕೆ ನುಡಿಸಲು 110 ಜನರನ್ನು ಕೂರಿಸಿಕೊಂಡ ಮಂದಿರ ತೆರೆದು ಎರಡು ತಿಂಗಳಾಗಿತ್ತಷ್ಟೇ. 1927ರ ಮೇ 20ರ ಬೆಳಿಗ್ಗೆ ಚಾರ್ಲ್ಸ್ ಲಿಂಡ್‌ಬರ್ಗ್ ಒಬ್ಬಂಟಿಯಾಗಿ ಅಟ್ಲಾಂಟಿಕ್ ದಾಟಲು ನ್ಯೂಯಾರ್ಕಿನಿಂದ ಪ್ಯಾರಿಸ್ಸಿಗೆ ವಿಮಾನ ಏರಿಸಿದ; ಅದರ ಎಂಜಿನ್ ಸದ್ದಿನ ಸಮೇತ ಫಾಕ್ಸ್ ಕಂಪನಿಯ ಮೂವಿಟೋನ್ ಎಂಬ ಶಬ್ದಪದ್ಧತಿಯ ಸುದ್ದಿಚಿತ್ರ ಅದೇ ರಾತ್ರಿ ರಾಕ್ಸಿಯ ಪರದೆಯ ಮೇಲಿತ್ತು. ಆತ ಇನ್ನೂ ಸಮುದ್ರದ ಮೇಲೆ ಹಾರುತ್ತಿದ್ದಾಗಲೇ ಜನ ಎದ್ದುನಿಂತು ಕೂಗಿದರು.

ದೊಡ್ಡ ಹಾಲಿನಲ್ಲಿ ಶಬ್ದಕ್ಕೆ ಅದರದೇ ಕಷ್ಟಗಳಿವೆ. ಶಬ್ದ ಸೆಕೆಂಡಿಗೆ ಸುಮಾರು 1,130 ಅಡಿ ಹೋಗುತ್ತದೆ. ಫಿಲ್ಮು ಸೆಕೆಂಡಿಗೆ 24 ಫ್ರೇಮು ಓಡುತ್ತದೆ. ಭಾಗಿಸಿದರೆ ಪ್ರತಿ 47 ಅಡಿಗೆ ಒಂದು ಫ್ರೇಮು ತಡ. ಪರದೆಯಿಂದ 140 ಅಡಿ ದೂರ ಕೂತವರಿಗೆ ತುಟಿಗಿಂತ ಮಾತು ಮೂರು ಫ್ರೇಮು ಹಿಂದೆ. ಫಿಲ್ಮಿನಲ್ಲಿ ಶಬ್ದದ ಗೆರೆಯನ್ನು ಚಿತ್ರಕ್ಕಿಂತ 20 ಫ್ರೇಮು ಮುಂದೆ ಮುದ್ರಿಸಿರುತ್ತಾರೆ. ಗೇಟಿಗೂ ಅದರ ಕೆಳಗೆ ಆ ಗೆರೆಯನ್ನು ಓದುವ ಶಬ್ದದ ತಲೆಗೂ ನಡುವೆ ಫಿಲ್ಮಿನ ಸಡಿಲ ಬಳಸನ್ನು ಒಂದೆರಡು ಫ್ರೇಮು ಕಮ್ಮಿ ಇಟ್ಟು ಆಪರೇಟರ್ ಹಾಲಿನ ನಡುವಿಗೆ ಸರಿಹೊಂದಿಸಬಹುದು. ಆಗ ಮುಂದಿನ ಸಾಲಿಗೆ ಶಬ್ದ ಸ್ವಲ್ಪ ಮೊದಲು, ಹಿಂದಿನ ಸಾಲಿಗೆ ಸ್ವಲ್ಪ ತಡ. ಆರು ಸಾವಿರದಷ್ಟು ಸೀಟಿದ್ದ ಕಡೆ ಎಲ್ಲರಿಗೂ ಸರಿಯಾಗುವ ಜಾಗವೇ ಇಲ್ಲ. ವಾದ್ಯವೃಂದಕ್ಕೆ ತುಂಬುತನ ಕೊಡುವ ಅನುರಣನ (ಹಾಲಿನಲ್ಲಿ ಮೊಳಗುತ್ತ ಉಳಿಯುವ ಸದ್ದು) ಮಾತನ್ನು ಕಲಸಿಬಿಡುತ್ತದೆ ಎಂಬುದು ಇನ್ನೊಂದು ತೊಡಕು.

1929ರ ಷೇರು ಕುಸಿತದಲ್ಲಿ ಫಾಕ್ಸ್ ಸಾಮ್ರಾಜ್ಯ ನಡುಗಿತು. 1930ರಲ್ಲಿ ಇಲ್ಲೇ 70 ಮಿ.ಮೀ. ಅಗಲದ ಗ್ರ್ಯಾಂಜರ್ ಫಿಲ್ಮನ್ನು ತೋರಿಸಿದರೂ ಆರ್ಥಿಕ ಮುಗ್ಗಟ್ಟಿನಲ್ಲಿ ಬೇರೆ ಮಂದಿರಗಳು ಹೊಸ ಯಂತ್ರ ಕೊಳ್ಳಲಿಲ್ಲ. ಅದು ಅಲ್ಲಿಗೇ ಮುಗಿಯಿತು. 1932ರಲ್ಲಿ ರಾಕ್ಸಿಯ ಆಡಳಿತ ಕೋರ್ಟು ನೇಮಿಸಿದ ಆಡಳಿತಗಾರನ (ರಿಸೀವರ್) ಕೈಗೆ ಹೋಯಿತು. ರೋಥಫೆಲ್ ಅದಾಗಲೇ ಹತ್ತಿರದ ರೇಡಿಯೊ ಸಿಟಿ ಮ್ಯೂಸಿಕ್ ಹಾಲ್ ಎಂಬ ಹೊಸ ಮಂದಿರದ ಕಡೆ ಹೊರಟಿದ್ದ. ಸಂಗೀತ ನಿರ್ದೇಶಕ ಎರ್ನೊ ರಪೇ, ಮಾರ್ಕರ್ಟ್, ನರ್ತಕಿಯರು ಎಲ್ಲರೂ ಜೊತೆಗೆ. ರಾಕ್ಸಿಯೆಟ್ಸ್ ಅಲ್ಲಿ ರಾಕೆಟ್ಸ್ ಆದರು. ಅಲ್ಲಿನ ವೇದಿಕೆ 144 ಅಡಿ ಅಗಲ, 66 ಅಡಿಗೂ ಹೆಚ್ಚು ಆಳ, ನೆಲವೇ ಮೂರು ತುಂಡಾಗಿ ಏರಿಳಿಯುತ್ತಿತ್ತು. ಓರೆ ಗೆರೆ ಕಸಿದುಕೊಂಡದ್ದನ್ನೆಲ್ಲ ಅವನು ಅಲ್ಲಿ ಕೇಳಿ ಪಡೆದಂತಿದೆ.

ರೋಥಫೆಲ್ ಹೋದ ಮೇಲೆ ರಾಕ್ಸಿ ಮಂದಿರ ಮೊದಲಿನಂತಾಗಲಿಲ್ಲ. ಆದರೂ ಪ್ರಯತ್ನ ಬಿಡಲಿಲ್ಲ. 1948ರಲ್ಲಿ ವೇದಿಕೆಗೆ ಮಂಜುಗಡ್ಡೆಯ ನೆಲ ಬಂತು, ಸ್ಕೇಟಿಂಗ್ ಆಟಗಳಿಗಾಗಿ. ಮಂಜಿನ ನೆಲವನ್ನು ಮಾಡುವ ಕ್ರಮ ಹೀಗೆ: ಸೊನ್ನೆ ಡಿಗ್ರಿಗಿಂತ ಕೆಳಗೆ ತಣಿಸಿದ ಉಪ್ಪುನೀರನ್ನು ನೆಲದಡಿಯ ಒತ್ತೊತ್ತಾದ ಕೊಳವೆಗಳಲ್ಲಿ ಹರಿಸಿ, ಮೇಲೆ ನೀರನ್ನು ತೆಳುವಾಗಿ ಸಿಂಪಡಿಸುತ್ತ, ಒಂದು ಪದರ ಹೆಪ್ಪುಗಟ್ಟಿದ ಮೇಲೆ ಇನ್ನೊಂದನ್ನು ಹಾಕಬೇಕು. ಒಂದರಿಂದ ಒಂದೂವರೆ ಇಂಚು ಸಾಕು. ದಪ್ಪ ಹೆಚ್ಚಾದರೆ ಕೊಳವೆಯ ತಂಪು ಮೇಲ್ಮೈಗೆ ಮುಟ್ಟದೆ ವೇದಿಕೆಯ ದೀಪಗಳ ಶಾಖಕ್ಕೆ ಮಂಜು ಮೆತ್ತಗಾಗುತ್ತದೆ. ಕಮ್ಮಿಯಾದರೆ ಸ್ಕೇಟಿನ ಅಲಗು ತಳ ಮುಟ್ಟುತ್ತದೆ. ಸಾವಿರಾರು ಜನರ ಉಸಿರಿನ ತೇವ ತಣ್ಣನೆಯ ಮೇಲ್ಮೈ ಮೇಲೆ ಕಟ್ಟಿಕೊಂಡು ಒರಟಾದ ಹರಳು ಬೆಳೆಯುವುದರಿಂದ ಆಟಗಳ ನಡುವೆ ಹೆರೆದು ಮತ್ತೆ ನೀರು ಹಾಯಿಸಬೇಕು. 1952ರಲ್ಲಿ ವೇದಿಕೆಯನ್ನು ವಾದ್ಯವೃಂದದ ಗುಂಡಿಯ ಮೇಲೂ ಚಾಚಿ, ಮಂಜಿನೊಳಗೆ ಬಣ್ಣದ ನಿಯಾನ್ ಕೊಳವೆಗಳನ್ನು ಹುದುಗಿಸಿದರು. ನಿಯಾನ್ ದೀಪ ಕಾಯುವುದು ಕಡಿಮೆ, ಆದ್ದರಿಂದಲೇ ಅದು ಸಾಧ್ಯವಾಯಿತು. ಆಳವಿಲ್ಲದ ವೇದಿಕೆಗೆ 25 ವರ್ಷಗಳ ಮೇಲೆ ಆಳ ಸಿಕ್ಕಿದ್ದು ಹೀಗೆ, ವಾದ್ಯಗಾರರ ಜಾಗ ತೆಗೆದುಕೊಂಡು.

1953ರ ಸೆಪ್ಟೆಂಬರ್ 16ರಂದು ಅಗಲ ಪರದೆಯ ಸಿನಿಮಾಸ್ಕೋಪಿನ ಮೊದಲ ಚಿತ್ರ 'ದಿ ರೋಬ್' ರಾಕ್ಸಿಯಲ್ಲೇ ಜಗತ್ತಿಗೆ ತೆರೆದುಕೊಂಡಿತು. ಮುಂದಿನ ಕೆಲವು ವರ್ಷಗಳಲ್ಲಿ ಎಷ್ಟೋ ಮಂದಿರಗಳು ಬಾಗಿದ ಅಗಲ ಪರದೆ ಹಾಕಿ ಪೇಚಿಗೆ ಸಿಕ್ಕಿದವು. ಬಾಗಿದ ಪರದೆಯ ಎರಡು ಬದಿಗಳು ಪ್ರೊಜೆಕ್ಟರಿಗೆ ಹತ್ತಿರ, ನಡು ದೂರ. ಬೆಳಕು ಮೇಲಿನಿಂದ ಇಳಿಯುತ್ತಿದ್ದರೆ ಬದಿಗಳಿಗೆ ಬೇಗ, ಎಂದರೆ ಎತ್ತರದಲ್ಲಿ ಬಡಿಯುತ್ತದೆ; ನಡುವಿಗೆ ತಗ್ಗಿನಲ್ಲಿ. ಸಮುದ್ರದ ದಿಗಂತ ಜೋತುಬಿದ್ದ ಹಗ್ಗದ ಹಾಗೆ ಕಾಣುತ್ತದೆ. ಅದನ್ನು ಅರದಿಂದ ಉಜ್ಜಿ ಸರಿ ಮಾಡಲಾಗದು. ಬಾಲ್ಕನಿಯ ಮುಂಭಾಗದಿಂದ ನೇರವಾಗಿ ಹೊರಡುವ ಬೆಳಕಿಗೆ ಈ ದೋಷ ತಟ್ಟುವುದೇ ಅಪರೂಪ. ಅಗಲ ಪರದೆಯ ಕಲ್ಪನೆಯೇ ಇಲ್ಲದ ಕಾಲದಲ್ಲಿ ಕ್ಯಾಬಿನ್ನಿಗೆ ಆ ಜಾಗವನ್ನು ಆರಿಸಿದ್ದರು ಎನ್ನುವುದು ಗಮನಿಸಬೇಕಾದ ಮಾತು.

1958ರಲ್ಲಿ ಮೂರು ಪ್ರೊಜೆಕ್ಟರುಗಳ ಸಿನೆಮಿರಾಕಲ್ ಪದ್ಧತಿಗಾಗಿ ಮತ್ತೆ ಬದಲಾವಣೆ ಆಯಿತು. ಸೀಟುಗಳು ಅರ್ಧಕ್ಕೂ ಕೆಳಗಿಳಿದವು. ಸೀಟಿಗಾಗಿಯೇ ತಿರುಗಿಸಿ ಕಟ್ಟಿದ ಹಾಲು ಈಗ ಸೀಟನ್ನೇ ಬೇಡವೆನ್ನುವ ಸ್ಥಿತಿಗೆ ಬಂದಿತ್ತು. ಟಿವಿ ಮನೆಮನೆಗೂ ಬಂದ ಮೇಲೆ 5,920 ಸೀಟು ತುಂಬುವುದು ಕಷ್ಟ. ಅರ್ಧ ತುಂಬಿದರೂ 2,960 ಜನ, ಅದು ಬೇರೆ ಮಂದಿರಗಳಿಗೆ ಹಬ್ಬ. ರಾಕ್ಸಿಯಲ್ಲಿ ಮಾತ್ರ ಹಾಲು ಖಾಲಿ ಹೊಡೆದಂತೆ ಕಾಣುತ್ತಿತ್ತು. ಕಾಯಿಸುವ, ತಣಿಸುವ, ಬೆಳಗುವ ಖರ್ಚು ಜನ ಎಷ್ಟಿದ್ದರೂ ಅಷ್ಟೇ.

ಕೊನೆಯ ಪೆಟ್ಟು ಬಂದದ್ದು ನೆತ್ತಿಯ ಮೇಲಿನ ಆಕಾಶದಿಂದ. ನ್ಯೂಯಾರ್ಕಿನ 1916ರ ವಲಯ ನಿಯಮದ ಪ್ರಕಾರ ನಿವೇಶನದ ಕಾಲು ಭಾಗದ ಮೇಲೆ ಗೋಪುರವನ್ನು ಎಷ್ಟು ಎತ್ತರಕ್ಕಾದರೂ ಏರಿಸಬಹುದಿತ್ತು. ನಿವೇಶನ ದೊಡ್ಡದಾದಷ್ಟೂ ಆ ಕಾಲು ಭಾಗವೂ ದೊಡ್ಡದು. ರಾಕ್ಸಿಯ ಹಿಂದೆ, ಆರನೇ ಅವೆನ್ಯೂ ಕಡೆ, 48 ಮಹಡಿಗಳ ಟೈಮ್-ಲೈಫ್ ಕಟ್ಟಡ ಎಬ್ಬಿಸುತ್ತಿದ್ದ ರಾಕ್‌ಫೆಲರ್ ಸೆಂಟರ್ ಎಂಬ ಕಟ್ಟಡ ಸಮೂಹದ ಒಡೆಯರಿಗೆ ಬೇಕಾದದ್ದು ರಾಕ್ಸಿಯ ತಗ್ಗಾದ ಮಾಡಿನ ಮೇಲಿದ್ದ ಖಾಲಿ ಎತ್ತರದ ಹಕ್ಕು. ಹಕ್ಕಿನ ಜೊತೆ ಮಂದಿರವೂ ಅವರದಾಯಿತು. 1960ರ ಮಾರ್ಚ್ 29ರಂದು ಕೊನೆಯ ಆಟ. ಒಡೆಯುವ ಕೆಲಸ ನಡೆಯುತ್ತಿದ್ದಾಗ ಅಕ್ಟೋಬರಿನಲ್ಲಿ ಗ್ಲೋರಿಯಾ ಸ್ವಾನ್ಸನ್ ಅವಶೇಷಗಳ ನಡುವೆ ತೋಳು ಚಾಚಿ ನಿಂತ ಫೋಟೊವನ್ನು ಛಾಯಾಗ್ರಾಹಕ ಎಲಿಯಟ್ ಎಲಿಸೊಫನ್ ತೆಗೆದ. ಬಹಳ ಜನ ರಾಕ್ಸಿಯನ್ನು ಬಲ್ಲದ್ದು ಆ ಒಂದು ಫೋಟೊದಿಂದಲೇ.

ಹೋಟೆಲ್ ಈಗಲೂ ಇದೆ. ರಾಕ್ಸಿಯ ಒಳಾಂಗಣ ಹೇಗಿತ್ತೆಂದು ಕಣ್ಣಾರೆ ನೋಡಬೇಕೆನ್ನುವವರು ಮಾತ್ರ ಬ್ರಾಡ್‌ವೇಯ 74ನೇ ಬೀದಿಗೆ ಹೋಗಬೇಕು. ಆರು ರಾಕ್ಸಿಗಳ ಯೋಜನೆಯಲ್ಲಿ ಎರಡನೆಯದಾಗಿ ಶುರುವಾಗಿ, ಕೈ ಬದಲಾಗಿ, 1929ರ ಡಿಸೆಂಬರಿನಲ್ಲಿ ಬೀಕನ್ ಎಂಬ ಹೆಸರಲ್ಲಿ ತೆರೆದ ಮಂದಿರ ಅಲ್ಲಿದೆ. ನಕ್ಷೆ ಅದೇ ಆಲ್‌ಶ್ಲಾಗರನದು, ಸೀಟು 2,900ರ ಆಸುಪಾಸು, ಅಂದರೆ ರಾಕ್ಸಿಯ ಅರ್ಧ. ಬಾಗಿಲು ದಾಟಿದೊಡನೆ ಸಿಗುವ ವರ್ತುಲ ಸಭಾಂಗಣ ರಾಕ್ಸಿಯದರ ಚಿಕ್ಕ ರೂಪ. 1979ರಲ್ಲಿ ನಗರ ಅದರ ಒಳಾಂಗಣವನ್ನು ಸಂರಕ್ಷಿತವೆಂದು ಘೋಷಿಸಿತು. 2009ರ ಹೊತ್ತಿಗೆ ಜೀರ್ಣೋದ್ಧಾರವೂ ಆಯಿತು. ಇಂದು ಅಲ್ಲಿ ಸಂಗೀತ ಕಛೇರಿಗಳಿಗೆ ಬರುವವರು ಆ ಕಂಬಗಳ ನಡುವೆಯೇ ಸಾಲಾಗಿ ಕಾದು ಒಳಗೆ ಹೋಗುತ್ತಾರೆ.